ಚೀಟಿಯಿಲ್ಲದ ಕೀಟ ಮತ್ತು ಸತ್ಯಾಣುವ್ರತ

ಹತವಾದ ಜೀವಿಯ ವಿಷಯದಲ್ಲಿ ಮನುಷ್ಯನ ಹೊಣೆ ಅದರ ಮರಣದೊಂದಿಗೆ ಮುಗಿಯುತ್ತದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ವಸ್ತುಸಂಗ್ರಹಾಲಯಗಳಲ್ಲಿಯೂ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿಯೂ ಸೂಜಿಗೆ ಚುಚ್ಚಿಟ್ಟ ಕೀಟಗಳಿರುತ್ತವೆ. ಪ್ರತಿಯೊಂದರ ಕೆಳಗೂ ಹಿಡಿದ ಸ್ಥಳ, ದಿನಾಂಕ, ಹಿಡಿದವರ ಹೆಸರು ಇವನ್ನು ಬರೆದ ಸಣ್ಣ ಚೀಟಿ ಇರಬೇಕೆಂಬುದು ನಿಯಮ. ಆ ಚೀಟಿ ಕಳೆದುಹೋಗಿದ್ದರೆ ಕೀಟವನ್ನು ಏನು ಮಾಡಬೇಕು?

ದರೋಡೆಕೋರ ನೊಣಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಏಸಿಲಿಡೇ ಎಂಬ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳು ಇದುವರೆಗೆ ವರ್ಣಿತವಾಗಿವೆ. ಇವು ಇತರ ಕೀಟಗಳನ್ನು ಹಿಡಿದು, ಸೊಂಡಿಲಿನಿಂದ ಚುಚ್ಚಿ, ರಸ ಹೀರಿ ಬದುಕುತ್ತವೆ. ಕಣ್ಣುಗಳ ನಡುವೆ ತಗ್ಗಾದ ನೆತ್ತಿ, ಮುಖದ ಮೇಲಿನ ಬಿರುಗೂದಲು ಇವುಗಳ ಲಕ್ಷಣ. ಐದು ಸೆಂಟಿಮೀಟರಿನಷ್ಟು ಉದ್ದದ ದೊಡ್ಡ ನೊಣಗಳ ಕುಟುಂಬವನ್ನು ಗುರುತಿಸುವುದು ಸುಲಭ. ರೆಕ್ಕೆಯ ನರಗಳ ವಿನ್ಯಾಸ, ಉಗುರುಗಳ ಕೆಳಗಿನ ಮೆತ್ತೆ ಮುಂತಾದವನ್ನು ನೋಡಿ ಬಹುಮಟ್ಟಿಗೆ ಕುಲವನ್ನೂ ನಿರ್ಣಯಿಸಬಹುದು. ಮೆತ್ತೆಗಳಿಲ್ಲದಿರುವುದು ಮೈಕ್ರೊಸ್ಟೈಲಮ್ ಕುಲದ ಒಂದು ಗುರುತು. ಆದರೆ ಈ ಕುಲವು ಭಾರತ, ಆಫ್ರಿಕ, ಅಮೆರಿಕಗಳಲ್ಲೆಲ್ಲ ಹರಡಿದೆ. ಪ್ರಭೇದವನ್ನು ತಿಳಿಸುವ ಗ್ರಂಥಗಳಾದರೋ ಹೆಚ್ಚಾಗಿ ಒಂದೊಂದು ಪ್ರದೇಶಕ್ಕೆ ಸೀಮಿತವಾದವು. ಸ್ಥಳವೇ ತಿಳಿಯದಿದ್ದಾಗ ಯಾವ ಗ್ರಂಥವನ್ನು ತೆರೆಯಬೇಕು?

ಪ್ರಲೋಭನೆ ಹುಟ್ಟುವುದು ಇಲ್ಲಿಯೇ. ಪೆಟ್ಟಿಗೆ ಮೈಸೂರಿನಿಂದ ಬಂದುದರಿಂದ ನೊಣವೂ ಮೈಸೂರಿನದೇ ಎಂದು ಹೊಸ ಚೀಟಿ ಬರೆದುಬಿಡುವುದು, ದಿನಾಂಕವಿಲ್ಲದ ರಸೀದಿಗೆ ವರ್ತಕನು ತನಗೊಪ್ಪುವ ದಿನಾಂಕವನ್ನು ಹಾಕಿದಂತೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಮೋಸದ ಉದ್ದೇಶವಿಲ್ಲದಿದ್ದರೂ ಊಹೆಯನ್ನು ಸಾಕ್ಷಿಯೆಂದು ಬರೆಯುವುದು ಅದರ ನೆರೆಯಲ್ಲಿಯೇ ಇದೆ.

ಇದರ ಹಾನಿ ಕಾಗದಕ್ಕಷ್ಟೇ ನಿಲ್ಲುವುದಿಲ್ಲ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಏಸಿಲಸ್ ಕ್ರ್ಯಾಬ್ರೊನಿಫಾರ್ಮಿಸ್ ಎಂಬ ದೊಡ್ಡ ದರೋಡೆಕೋರ ನೊಣ ಬ್ರಿಟನ್ನಿನ ಹುಲ್ಲುಗಾವಲುಗಳಲ್ಲಿ, ದನಗಳ ಸಗಣಿಯನ್ನು ಆಶ್ರಯಿಸಿದ ಕೀಟಗಳ ನಡುವೆ ಜೀವಿಸುತ್ತದೆ. ಅದು ಅಲ್ಲಿ ಬಹಳ ವಿರಳವಾಗಿದೆ. ಹಿಂದೆ ಎಲ್ಲೆಲ್ಲಿತ್ತೆಂಬುದನ್ನು ತಿಳಿಸುವ ಸಾಕ್ಷಿಗಳಲ್ಲಿ ಹಳೆಯ ಚೀಟಿಗಳು ಮುಖ್ಯವಾದವು. ಒಂದು ಸುಳ್ಳು ಚೀಟಿ ರಕ್ಷಣೆಯ ಪ್ರಯತ್ನವನ್ನು ತಪ್ಪು ನೆಲಕ್ಕೆ ಕೊಂಡೊಯ್ಯಬಲ್ಲದು. ಹೀಗೆ ಅಸತ್ಯವು ಹಿಂಸೆಗೆ ದಾರಿಯಾಗುತ್ತದೆ.

ಚತುರಿಂದ್ರಿಯ ಜೀವಿಯನ್ನು ಕೊಂದು ಪಡೆದುದನ್ನು ಅಭ್ಯಸಿಸುವುದೇ ಅನುಮೋದನೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕವಿದೆ, ಅಭ್ಯಾಸದ ಫಲವು ಕೊಂದ ದೋಷವನ್ನು ತೊಳೆಯದು. ಆದರೆ ಇರುವ ಕೀಟವನ್ನು ಎಸೆದುಬಿಟ್ಟರೆ ಅದರ ಸ್ಥಾನಕ್ಕೆ ಇನ್ನೊಂದು ಜೀವವನ್ನು ಹಿಡಿಯುವ ಸಂಭವವಿದೆ. ದೇಹರಚನೆಯನ್ನು ಕಲಿಸಲು ಚೀಟಿಯಿಲ್ಲದ ನೊಣವೇ ಸಾಕು. ಅದನ್ನು ಉಳಿಸಿಕೊಳ್ಳುವುದು ಮುಂದಿನ ಹಿಂಸೆಯನ್ನು ತಡೆಯುವ ಉಪಾಯವೇ ಹೊರತು ಹಿಂದಿನ ಹಿಂಸೆಯ ಸಮರ್ಥನೆಯಲ್ಲ.

ಆದುದರಿಂದ ಯೋಗ್ಯವಾದ ಮಾರ್ಗ ಸ್ಪಷ್ಟ. ದೇಹವೇ ಹೇಳುವಷ್ಟನ್ನು, ಅಂದರೆ ಕುಟುಂಬವನ್ನೂ ಸಾಧ್ಯವಾದರೆ ಕುಲವನ್ನೂ, ಬರೆಯಬೇಕು. ಸ್ಥಳದ ಜಾಗದಲ್ಲಿ ‘ತಿಳಿಯದು’ ಎನ್ನಬೇಕು. ಪೆಟ್ಟಿಗೆ ಯಾರಿಂದ, ಯಾವಾಗ ಬಂದಿತೆಂಬುದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಊಹೆಯಿದ್ದರೆ ಅದು ಯಾರದು, ಯಾವ ಆಧಾರದ್ದು ಎಂಬುದೂ ಇರಲಿ. ಎಷ್ಟು ತಿಳಿದಿದೆಯೋ ಅಷ್ಟನ್ನೇ, ಯಾವ ದೃಷ್ಟಿಯಿಂದ ತಿಳಿದಿದೆಯೋ ಆ ದೃಷ್ಟಿಯಿಂದಲೇ ಹೇಳುವುದು ಸ್ಯಾದ್ವಾದದ ಶಿಸ್ತು.

ಬಸದಿಗಳಲ್ಲಿರುವ ಶಾಸನವಿಲ್ಲದ ಬಿಂಬಗಳಿಗೂ ಕಾಲ ತಿಳಿಯದ ಓಲೆಗರಿಗಳಿಗೂ ಇದೇ ನಿಯಮ ಸಲ್ಲುತ್ತದೆ. ಪ್ರಾಚೀನತೆಯ ಅಭಿಮಾನದಿಂದ ಬರೆದ ಶತಮಾನಕ್ಕಿಂತ ಪ್ರಾಮಾಣಿಕವಾಗಿ ಬಿಟ್ಟ ಖಾಲಿ ಜಾಗವೇ ಶ್ರಾವಕನಿಗೆ ಶ್ರೇಯಸ್ಕರ.