ಬಸವಿ ಬಿಟ್ಟವರು, ಮಾಂಸ ಬಿಟ್ಟವಳು

ಕೊರಿಯಾದ ಹಾನ್ ಕಾಂಗ್ ಬರೆದ ‘ದಿ ವೆಜಿಟೇರಿಯನ್’ ಕಾದಂಬರಿಯನ್ನು ಸಂಗನಕಲ್ಲಿನ ನಮ್ಮ ಕೇರಿಯಲ್ಲಿ ಕೂತು ಓದುವಾಗ ಮೊದಲು ಸಿಟ್ಟೇ ಬಂತು. ಮಾಂಸ ಬಿಟ್ಟವಳ ಕಥೆ ನಮಗ್ಯಾಕೆ? ತಿನ್ನೋ ತುತ್ತಿಗೇ ಮೈಲಿಗೆ ಹಚ್ಚಿ ನಮ್ಮನ್ನು ಊರ ಹೊರಗಿಟ್ಟ ನಾಡು ಇದು. ಇಲ್ಲಿ ‘ಮಾಂಸ ಮುಟ್ಟಲ್ಲ’ ಅಂದರೆ ಮಡಿ ಅಂತಲೇ ಅರ್ಥ.

ಓದುತ್ತಾ ಹೋದಂತೆ ನಮ್ಮ ಸಿಟ್ಟು ದಿಕ್ಕು ಬದಲಿಸಿತು. ಯೊಂಗ್-ಹೆ ಕನಸು ಕಂಡು ಮಾಂಸ ಬಿಡುತ್ತಾಳೆ. ಅಷ್ಟಕ್ಕೇ ಗಂಡನ ಮಾನ ಹೋಗುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ಅಪ್ಪ ಎಲ್ಲರೆದುರು ಕಪಾಳಕ್ಕೆ ಹೊಡೆದು ಬಾಯಿಗೆ ಮಾಂಸ ತುರುಕುತ್ತಾನೆ. ಅವಳು ಚಾಕು ಹಿಡಿದು ತನ್ನ ಕೈಯನ್ನೇ ಕೊಯ್ದುಕೊಳ್ಳುತ್ತಾಳೆ. ಕೊನೆಗೆ ಆಸ್ಪತ್ರೆಯವರು ಮೂಗಿಗೆ ನಳಿಗೆ ಹಾಕಿ ಉಣಿಸಲು ನೋಡುತ್ತಾರೆ. ಒಲ್ಲೆ ಅಂದ ಹೆಣ್ಣನ್ನು ಹುಚ್ಚಿ ಅನ್ನೋದು ಅಲ್ಲೂ ಇಲ್ಲಿಯಷ್ಟೇ ಸಲೀಸು.

ಗೆಳೆಯರೆ, ನಮ್ಮ ಬಳ್ಳಾರಿ ಸೀಮೆಯಲ್ಲಿ ಒಂದು ಮಾತುಂಟು: ಬಸವಿ ಬಿಡೋದು. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು, ಲಗ್ನ ಮಾಡದೆ ತವರಲ್ಲೇ ಇಟ್ಟುಕೊಂಡು, ಅವಳ ಮಕ್ಕಳಿಂದ ವಂಶ ಬೆಳೆಸಿಕೊಳ್ಳುತ್ತಿದ್ದರು. ಹಂಗ ಬಿಟ್ಟವರಲ್ಲಿ ನಮ್ಮವರೂ ಇದ್ದರು, ಮುಚ್ಚಿಡೋದೇನಿಲ್ಲ. ಹೋರಿಯನ್ನೂ ದೇವರ ಹೆಸರಲ್ಲೇ ಬಿಡ್ತಾರೆ. ಬಿಟ್ಟ ಹೋರಿ ಯಾರ ಹೊಲದಲ್ಲಾದರೂ ಮೇಯಬಹುದು; ಬಿಟ್ಟ ಹೆಣ್ಣನ್ನು ಯಾರಾದರೂ ಮೇಯಬಹುದು. ಹಿರೇಗುಡ್ಡದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನವರು ಕುಟ್ಟಿ ಬರೆದ ಹೋರಿಗಳಿವೆ. ಅವನ್ನು ನೋಡಿದಾಗಲೆಲ್ಲ ನಮಗೆ ಈ ‘ಬಿಡೋದು’ ನೆನಪಾಗುತ್ತದೆ. ಬಳ್ಳಾರಿ ಮದ್ರಾಸಿನಲ್ಲಿದ್ದಾಗಲೇ, 1947ರಲ್ಲಿ, ಇದಕ್ಕೆ ತಡೆ ಹಾಕುವ ಕಾಯ್ದೆ ಬಂತು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಮುತ್ತು ಕಟ್ಟುವ ಕೈಯನ್ನು ಕಾಯ್ದೆ ಹಿಡಿದೀತು. ಮಗಳ ಮೈ ಮನೆಯ ಆಸ್ತಿ ಅನ್ನೋ ಲೆಕ್ಕವನ್ನು ಯಾವ ಪೊಲೀಸ್ ಹಿಡೀಬೇಕು?

ಬಂಡಾಯದೊಳಗಿಂದಲೇ ಬಂದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾ, ಬಾಣಂತನದ ಮೇಲೆ ಬಾಣಂತನ ಕಂಡವಳು, ಗಂಡ ಒಲ್ಲೆನೆಂದ ಆಪರೇಷನ್ ಮಾಡಿಸಿಕೊಳ್ಳಲು ತಾನೇ ಹೊರಡುತ್ತಾಳೆ. (ಹಾನ್ ಕಾಂಗ್ ಪುಸ್ತಕಕ್ಕೆ 2016ರಲ್ಲಿ ಬಂದ ಅಂತರರಾಷ್ಟ್ರೀಯ ಬೂಕರ್ ಬಹುಮಾನವೇ 2025ರಲ್ಲಿ ಬಾನು ಅವರ ‘ಹಾರ್ಟ್ ಲ್ಯಾಂಪ್’ಗೆ ಬಂತು. ಬಹುಮಾನದ ಮಾತು ಇಷ್ಟು ಸಾಕು.) ನಮ್ಮ ಕೇರಿಯ ಅಕ್ಕಂದಿರಿಗೆ ಆಪರೇಷನ್ ಬ್ಯಾಡ ಅಂದವರಿಲ್ಲ. ‘ಹೋಗಿ ಮಾಡಿಸ್ಕೊಂಡು ಬಾ’ ಅಂತ ಅತ್ತೆ, ಗಂಡ, ಸರಕಾರ ಕೂಡಿಯೇ ಕಳಿಸಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ. ಗಂಡನೇ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ. ಅಮೀನಾಳನ್ನು ತಡೆದ ಕೈ, ನಮ್ಮಕ್ಕನನ್ನು ತಳ್ಳಿದ ಕೈ ಒಂದೇ.

ಇಷ್ಟೆಲ್ಲ ಒಂದು ಸಭೆಯಲ್ಲಿ ಮಾತಾಡಿ ಮನೆಗೆ ಬಂದು ಅವ್ವನಿಗೂ ಯೊಂಗ್-ಹೆಯ ಕಥೆ ಹೇಳಿದೆವು. ಅವ್ವ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. ‘ನಿನ್ನ ತಂಗಿ ಎರಡು ದಿನದಿಂದ ಉಣ್ಣವಲ್ಲಳು. ಈ ಲಗ್ನ ಒಲ್ಲೆ ಅಂತಾಳ. ನೀವು ಅಪ್ಪ-ಮಗ ಆಕಿನ್ನ ಕೇಳೀರೇನು?’ ಅಂದಳು. ಗಂಡಿನ ಮನೆಗೆ ಹೋಗಿ ದಿನ ಗೊತ್ತು ಮಾಡಿ ಬಂದವರು ನಾವೇ. ತಂಗಿಯದು ಬರೀ ಹಟ ಅಂದುಕೊಂಡಿದ್ದೆವು.

ಮರುದಿನ ಗಂಡಿನ ಕಡೆಯವರಿಗೆ ಬರಬೇಡಿ ಅಂತ ಹೇಳಿ ಕಳಿಸಿದೆವು. ಅಪ್ಪ ನಮ್ಮೊಂದಿಗೆ ಮಾತು ಬಿಟ್ಟಿದ್ದಾನೆ.