ಇನ್ನೊಬ್ಬರ ಮತ

ಮನೆಯ ಹಿರಿಯರಿಗೆ ವಯಸ್ಸಾಗುತ್ತ ಹೋದಂತೆ ಅವರ ಪರವಾಗಿ ನಿರ್ಧರಿಸುವ ಕೆಲಸ ಹೆಚ್ಚಾಗಿ ಸೊಸೆಯ ಪಾಲಿಗೆ ಬರುತ್ತದೆ. ಮೊದಲು ಗುಳಿಗೆಯ ಡಬ್ಬಿ ನಮ್ಮ ಕೈಗೆ ಬರುತ್ತದೆ. ಆಮೇಲೆ ಬ್ಯಾಂಕಿನ ಪಾಸ್‌ಬುಕ್ಕು. ಕೊನೆಗೆ ಊಟದ ಉಪ್ಪು. ಬಿ.ಪಿ. ಇದ್ದವರ ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ, "ಎಲ್ಲಾರಿಗೂ ಇಷ್ಟ ಹಾಕೇನ್ರಿ" ಎಂದು ಹೇಳದ ಹೆಂಗಸು ಯಾವ ಮನೆಯಲ್ಲಿದ್ದಾಳೆ? ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಆರೈಕೆ ಎನ್ನುತ್ತಾರೆ.

ಈ ಆರೈಕೆಗೆ ಒಂದು ಗಡಿ ಇದೆಯೇ? ಇದ್ದರೆ ಎಲ್ಲಿ? 2023ರ ಮೇ 10ರಂದು, ರಾಜ್ಯ ವಿಧಾನಸಭೆಯ ಚುನಾವಣೆಯ ದಿನ, ಧಾರವಾಡದ ಒಂದು ಶಾಲೆಯ ಮತಗಟ್ಟೆಯಲ್ಲಿ ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು.

ಅತ್ತೆಗೆ ಆಗ 84 ವರ್ಷ. 80 ದಾಟಿದವರು ಮನೆಯಲ್ಲೇ ಕೂತು ಮತ ಹಾಕುವ ಅನುಕೂಲ ಆ ಚುನಾವಣೆಯಲ್ಲಿತ್ತು. ಅವರು ಒಪ್ಪಲಿಲ್ಲ. "ಓಟ ಹಾಕೂದಂದ್ರ ಮನೀ ಬಿಟ್ಟ ಹೊರಗ ಹೋಗೂದು" ಎಂದರು. ಅವರು ಮೊದಲ ಮತ ಹಾಕಿದ್ದು 1962ರಲ್ಲಿ. ಹುಬ್ಬಳ್ಳಿ-ಧಾರವಾಡ ಒಂದೇ ನಗರಪಾಲಿಕೆಯಾದ ವರ್ಷ ಅದು. ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಮತದಾರರ ಬೆರಳಿಗೆ ಬಂದದ್ದೂ ಅದೇ ವರ್ಷ. ಅಂದಿನಿಂದ ಒಂದು ಚುನಾವಣೆಯನ್ನೂ ಅವರು ತಪ್ಪಿಸಿದವರಲ್ಲ. ಆದರೆ ಈಗ ಕಣ್ಣು ಮಂಜಾಗಿ ಯಂತ್ರದ ಮೇಲಿನ ಚಿಹ್ನೆ ಕಾಣುತ್ತಿರಲಿಲ್ಲ. ಇಂಥವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದೆಂದು ನಿಯಮವಿದೆ. ಹಾಗೆ ಹೋದವರು ಮತದ ಗುಟ್ಟು ಕಾಯುತ್ತೇನೆಂದು, ಆ ದಿನ ಬೇರೆ ಯಾರಿಗೂ ಸಂಗಾತಿಯಾಗಿ ಬಂದಿಲ್ಲವೆಂದು ಬರೆದುಕೊಡಬೇಕು. ನಾನು ಬರೆದುಕೊಟ್ಟೆ.

ಯಾರಿಗೆ ಒತ್ತಬೇಕೆಂದು ಅತ್ತೆ ಹಿಂದಿನ ರಾತ್ರಿಯೇ ನನ್ನ ಕಿವಿಯಲ್ಲಿ ಹೇಳಿದ್ದರು. ಅತ್ತೆ ಈಗ ಇಲ್ಲ. ಆದರೂ ಆ ಹೆಸರನ್ನು ಇಲ್ಲಿ ಬರೆಯಲಾರೆ. ನನ್ನ ಆಯ್ಕೆ ಅದಾಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ನನ್ನ ಮತ ಯಾರಿಗೆಂದು ಮನೆಯಲ್ಲಿ ಯಾರಿಗೂ ತಿಳಿಯದ ಕಾರಣ, ಇಷ್ಟಕ್ಕೆ ಗುಟ್ಟು ಒಡೆಯುವುದಿಲ್ಲ.

ರಟ್ಟಿನ ಮರೆಯ ಹಿಂದೆ ನಾವಿಬ್ಬರೇ. ಗುಂಡಿ ಒತ್ತಿದರೆ ಯಂತ್ರ ಉದ್ದಕ್ಕೆ ಕೂಗುತ್ತದೆ, ಆದರೆ ಯಾರಿಗೆ ಒತ್ತಿದರೂ ಆ ಕೂಗು ಒಂದೇ. ಪಕ್ಕದ ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅದು ನನಗೆ ಕಂಡೀತು, ಅವರಿಗೆ ಕಾಣದು. ಅವರ ಮತ ಅವರು ಹೇಳಿದಲ್ಲಿಗೆ ಹೋಯಿತೆಂಬುದಕ್ಕೆ ಅವರಿಗಿದ್ದ ಸಾಕ್ಷಿ ನಾನೊಬ್ಬಳೇ.

ಅವರು ಕೊಟ್ಟ ಕಾರಣ ಆ ರಾತ್ರಿ ನನಗೆ ಸಣ್ಣದೆನಿಸಿತ್ತು. "ನಮ್ಮ ಓಣಿ ನೀರಿನ ಮಾತ ಅವರೊಬ್ಬರ ಆಡ್ಯಾರ." ನಾನು ರಾಜ್ಯದ ಮಾತು, ಪಕ್ಷದ ಮಾತು ಯೋಚಿಸಿದವಳು. ಮಲಪ್ರಭೆಯ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ನಮ್ಮ ಅವಳಿ ನಗರದಲ್ಲಿ ಬಟ್ಟೆ ಒಗೆಯುವುದು, ಹೋಳಿಗೆ ಮಾಡುವುದು, ಬೀಗರನ್ನು ಕರೆಯುವುದು ಎಲ್ಲವೂ ನಳ ಬರುವ ದಿನ ನೋಡಿಯೇ. ಅಪರಾತ್ರಿಯಲ್ಲಿ ಎದ್ದು ಹಂಡೆ ತುಂಬಿದವರಿಗೆ ನೀರೇ ರಾಜಕಾರಣವಾಗಿದ್ದರೆ ಅದನ್ನು ಸಣ್ಣದೆನ್ನಲು ನಾನು ಯಾರು?

ಆದರೆ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಅವರ ಕಾರಣ ನಿಜಕ್ಕೂ ಪೊಳ್ಳಾಗಿದ್ದರೆ? "ಮುಖಾ ಛಲೋ ಐತಿ" ಎಂದಷ್ಟೇ ಹೇಳಿದ್ದರೆ? ಆಗಲೂ ನನ್ನ ಉತ್ತರ ಬೇರೆಯಾಗದು. ಉಪ್ಪಿನ ವಿಷಯದಲ್ಲಿ ಅಳತೆಯಿದೆ, ವೈದ್ಯರಿದ್ದಾರೆ. ಮತಕ್ಕೆ ಅಂಥ ವೈದ್ಯರಿಲ್ಲ. ಜಾಣರು ಎಂದು ಪರೀಕ್ಷೆ ಮಾಡಿ ನಮಗಾರಿಗೂ ಮತ ಕೊಟ್ಟಿಲ್ಲ.

ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗ, 1937ರ ಚುನಾವಣೆಯಲ್ಲಿ, ಎಷ್ಟೋ ಹೆಂಗಸರಿಗೆ ಮತ ಬಂದದ್ದು ಗಂಡನ ಆಸ್ತಿಯ ದೆಸೆಯಿಂದ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. ಅದಕ್ಕಾಗಿ ಮತದಾರರ ಪಟ್ಟಿ ಮಾಡುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಂದಿ ಪಟ್ಟಿಯಿಂದ ಹೊರಗುಳಿದರು. ಅಷ್ಟು ಜನರ ಮತ ಹೋದದ್ದು ನೋವಿನ ಮಾತೇ. ಒಡಪಿನಲ್ಲಿ ಗಂಡನ ಹೆಸರನ್ನು ಬಚ್ಚಿಟ್ಟು ಹೇಳುವ ನಾಡಿನವಳಾದ ನನಗೆ ಆ ಹೆಂಗಸರ ಸಂಕೋಚ ಅರ್ಥವಾಗುತ್ತದೆ. ಆದರೂ ಆ ಕಠಿಣ ನಿರ್ಧಾರ ಒಂದು ಮಾತನ್ನು ಸ್ಪಷ್ಟ ಮಾಡಿತು: ಮತ ಮನೆತನದ್ದಲ್ಲ, ಗಂಡನದೂ ಅಲ್ಲ, ಹೆಸರಿರುವ ಒಬ್ಬ ಹೆಂಗಸಿನದು. ಗಂಡನಿಂದ ಬಿಡಿಸಿಕೊಂಡ ಮತವನ್ನು ಸೊಸೆ ಎತ್ತಿಕೊಳ್ಳುವುದು ಯಾವ ನ್ಯಾಯ?

ನಾನು ಅವರು ಹೇಳಿದ ಗುಂಡಿಯನ್ನೇ ಒತ್ತಿದೆ. "ಬಿತ್ತೇನು?" ಎಂದರು. "ಬಿತ್ರಿ" ಎಂದೆ. ಅವರು ಮರಳಿ ಕೇಳಲಿಲ್ಲ. ಅವರಿಗೆ ಹೇಳುವಷ್ಟು ನೆನಪೇ ಇರದಿದ್ದರೆ ಏನು ಮಾಡಬೇಕಿತ್ತು ಎಂದು ನೀವು ಕೇಳಬಹುದು. ಆಗ ಒತ್ತದೆ ತಿರುಗಿ ಬರುವುದೇ ನನ್ನ ಕೆಲಸವಾಗುತ್ತಿತ್ತು. ಹಾಕದ ಮತಕ್ಕಿಂತ ಕದ್ದ ಮತ ಕೆಟ್ಟದ್ದು.

ಆ ಚುನಾವಣೆಯ ಫಲಿತಾಂಶ ಬಂದ ಮೇಲೆ, ಬಸ್ಸಿನ ಟಿಕೆಟ್ಟಿಗೆ, ಎರಡು ಸಾವಿರ ರೂಪಾಯಿಗೆ ಹೆಂಗಸರು ಮತ ಮಾರಿಕೊಂಡರೆಂದು ಹಂಗಿಸಿದವರನ್ನು ಬಹಳ ಕಂಡೆ. ಯೋಜನೆ ಸರಿಯೋ ತಪ್ಪೋ ವಾದಿಸಲಿ. ಆದರೆ ಇನ್ನೊಬ್ಬಳ ಕಾರಣವನ್ನು ತೂಗುವ ತಕ್ಕಡಿ ಅವರ ಕೈಗೆ ಯಾರು ಕೊಟ್ಟರು? 224 ಸ್ಥಾನಗಳ ಸಭೆಗೆ ಆ ಸಲ ಗೆದ್ದು ಹೋದ ಹೆಂಗಸರು 10 ಮಂದಿ. ಅಲ್ಲಿ ಕೂರುವುದು ಇಷ್ಟು ದೂರವಿರುವಾಗ, ಬೆರಳ ತುದಿಯಲ್ಲಿರುವುದನ್ನಾದರೂ ನಮ್ಮದೆಂದು ಉಳಿಸಿಕೊಳ್ಳಬೇಡವೇ?

ಮನೆಯಲ್ಲೇ ಮತ ಹಾಕುವ ವಯಸ್ಸು 2024ರಿಂದ 85 ಆಗಿದೆ. ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆಗೂ ಅಧಿಕಾರಿಗಳು ಬಂದಾರು. ಮಗ, ಸೊಸೆ, ಮೊಮ್ಮಕ್ಕಳು ಅಜ್ಜಿಯ ಸುತ್ತ ನಿಂತು 'ಇಲ್ಲಿ, ಇಲ್ಲಿ' ಎಂದು ತೋರಿಸುವುದು ಬೇಡ. ಅವರಿಗೆ ಕನ್ನಡಕ ಕೊಟ್ಟು, ಒಂದು ಲೋಟ ನೀರಿಟ್ಟು, ನಾವೆಲ್ಲ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳೋಣ.