ಮಣ್ಣಿನ ಹಸು, ಚಿತ್ರದ ಕುದುರೆ ಮತ್ತು ಬಾರ್ಬಿಯ ಮುಖ

ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಪದವೊಂದು ಯಾವುದನ್ನು ಹೇಳುತ್ತದೆ ಎಂಬ ವಿಚಾರ ನಡೆಯುತ್ತದೆ. 'ಹಸು' ಎಂದಾಗ ಎದುರಿಗೆ ನಿಂತಿರುವ ಆ ಒಂದು ಹಸು, ಅಂದರೆ ವ್ಯಕ್ತಿ, ತೋರುತ್ತದೆಯೆ, ಕೊಂಬು, ಗೊರಸು, ಗಂಗೆದೊಗಲುಗಳು ಗೊತ್ತಾದ ಕ್ರಮದಲ್ಲಿ ಕೂಡಿರುವ ಆಕೃತಿ ತೋರುತ್ತದೆಯೆ, ಅಥವಾ ಎಲ್ಲ ಹಸುಗಳಲ್ಲಿಯೂ ಒಂದೇ ಆಗಿ ನೆಲಸಿ ಅವುಗಳನ್ನು ಹಸುಗಳನ್ನಾಗಿಸುವ ಜಾತಿ ತೋರುತ್ತದೆಯೆ ಎಂಬುದು ಅಲ್ಲಿಯ ಪ್ರಶ್ನೆ. ಜಾತಿಯ ಪಕ್ಷ ವಹಿಸಿದವರು ಮಣ್ಣಿನ ಹಸುವನ್ನು ಉದಾಹರಣೆಯಾಗಿ ತಂದು, ಅದರಲ್ಲಿ ವ್ಯಕ್ತಿಯೂ ಉಂಟು, ಆಕೃತಿಯೂ ಉಂಟು, ಆದರೂ ನಿಜವಾದ ಹಸುವಿಗೆ ಮಾಡುವ ಪ್ರೋಕ್ಷಣೆಯನ್ನು, ಎಂದರೆ ನೀರು ಚಿಮುಕಿಸುವ ಸಂಸ್ಕಾರವನ್ನು, ಯಾರೂ ಅದಕ್ಕೆ ಮಾಡುವುದಿಲ್ಲ, ಏಕೆಂದರೆ ಅದರಲ್ಲಿ ಗೋತ್ವವಿಲ್ಲ ಎಂದು ವಾದಿಸುತ್ತಾರೆ. ಮೂರೂ ಸೇರಿಯೇ ಪದದ ಅರ್ಥವೆಂದು ಸಿದ್ಧಾಂತವಾಗುತ್ತದೆಯಾದರೂ ಮಣ್ಣಿನ ಹಸು ಎತ್ತಿದ ತೊಡಕು ಅಲ್ಲಿಗೆ ತೀರುವುದಿಲ್ಲ. ಗೊಂಬೆಗೆ ಆಕೃತಿ ಇದ್ದು ಜಾತಿ ಇಲ್ಲವೆಂದಾದರೆ, ಆ ಗೊಂಬೆಯನ್ನೇ ಮತ್ತೆ ಚಿತ್ರಿಸಿ, ಚಲಿಸುವಂತೆ ಮಾಡಿ, ಅದಕ್ಕೆ ಮಾತು, ಅಳು, ನೃತ್ಯಗಳನ್ನು ಕೊಟ್ಟಾಗ ಪರದೆಯ ಮೇಲೆ ಕಾಣುವುದು ಯಾವುದು? ಅಮೆರಿಕದ ಮ್ಯಾಟೆಲ್ ಕಂಪನಿಯ ಬಾರ್ಬಿ ಎಂಬ ಫ್ಯಾಷನ್ ಗೊಂಬೆಯನ್ನು ನಾಯಕಿಯಾಗಿಸಿ 2001ರಿಂದ ಈಚೆಗೆ ಬಂದಿರುವ ಅನಿಮೇಷನ್ ಚಲನಚಿತ್ರಗಳು, ಮಕ್ಕಳ ಮನರಂಜನೆಗೆಂದೂ ಗೊಂಬೆಯ ಮಾರಾಟಕ್ಕೆಂದೂ ತಯಾರಾದವಾದರೂ, ಈ ಪ್ರಶ್ನೆಯನ್ನು ಬಹಳ ನೇರವಾಗಿ ಕಣ್ಣಿನ ಮುಂದೆ ತಂದಿಡುತ್ತವೆ.

ಬಾರ್ಬಿಯ ವಂಶಾವಳಿಯೇ ವಿಲಕ್ಷಣವಾದುದು. ಪ್ಲೇಟೋ 'ರಿಪಬ್ಲಿಕ್' ಗ್ರಂಥದ ಹತ್ತನೆಯ ಭಾಗದಲ್ಲಿ ಮಂಚದ ಉದಾಹರಣೆಯಿಂದ ಅನುಕರಣೆಯ ಮೆಟ್ಟಿಲುಗಳನ್ನು ವಿವರಿಸುತ್ತ, ಮಂಚದ ಶಾಶ್ವತ ಭಾವರೂಪವನ್ನು ಮೊದಲಿಗೂ, ಅದರ ಮಾದರಿಯಲ್ಲಿ ಬಡಗಿ ಮಾಡಿದ ಮಂಚವನ್ನು ನಡುವೆಯೂ, ಬಡಗಿಯ ಮಂಚವನ್ನು ನೋಡಿ ಚಿತ್ರಕಾರ ಬರೆದುದನ್ನು ಸತ್ಯದಿಂದ ಅತ್ಯಂತ ದೂರವಾಗಿ ಕೊನೆಗೂ ಇಟ್ಟನು. ಬಾರ್ಬಿಯ ವಿಷಯದಲ್ಲಿ ಮೊದಲ ಮೆಟ್ಟಿಲೇ ಚಿತ್ರ. 1952ರಲ್ಲಿ ಜರ್ಮನಿಯ 'ಬಿಲ್ಡ್' ಪತ್ರಿಕೆಗಾಗಿ ರೈನ್‌ಹಾರ್ಡ್ ಬಾಯ್ಟೀನ್ ಎಂಬ ವ್ಯಂಗ್ಯಚಿತ್ರಕಾರನು ಲಿಲ್ಲಿ ಎಂಬ ತರುಣಿಯನ್ನು ಬರೆದನು, 1955ರಲ್ಲಿ ಆ ಗೆರೆಗಳು ಗೊಂಬೆಯಾದವು, ಮ್ಯಾಟೆಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬಳಾದ ರೂತ್ ಹ್ಯಾಂಡ್ಲರ್ ಯುರೋಪಿನ ಪ್ರವಾಸದಲ್ಲಿ ಆ ಗೊಂಬೆಯನ್ನು ಕಂಡು ಅದರ ಮಾದರಿಯಲ್ಲಿ ರೂಪಿಸಿದ ಬಾರ್ಬಿಯು 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಪ್ರದರ್ಶನಗೊಂಡಿತು. ಹನ್ನೊಂದೂವರೆ ಅಂಗುಲ ಎತ್ತರದ ಆ ಗೊಂಬೆಯ ಕಣ್ಣುಗಳು ಲಿಲ್ಲಿಯ ಕಣ್ಣುಗಳಂತೆ ಓರೆಯಾಗಿ ನೋಡುತ್ತಿದ್ದವು, 1971ರ ಮಾಲಿಬು ಬಾರ್ಬಿಯಲ್ಲಿ ಅವು ನೇರಕ್ಕೆ ತಿರುಗಿದವು, 1977ರಲ್ಲಿ ಹಲ್ಲು ಕಾಣುವ ನಗುವಿನ ಹೊಸ ಮುಖ ಬಂದಿತು. ಹೀಗೆ ಚಿತ್ರದಿಂದ ಗೊಂಬೆ, ಗೊಂಬೆಯಿಂದ ಇನ್ನೊಂದು ಗೊಂಬೆ, ಅದರಿಂದ ಮತ್ತೆ ಚಿತ್ರ ಎಂದು ಸಾಗುವ ಈ ಸರಣಿಯಲ್ಲಿ ಎಲ್ಲಿಯೂ ಮೂಲದ ಮನುಷ್ಯಳಿಲ್ಲ. ಬಿಂಬವಿಲ್ಲದ ಪ್ರತಿಬಿಂಬಗಳ ಸಾಲು ಇದು. ಆದುದರಿಂದ ಬಾರ್ಬಿಯ ಚಿತ್ರಗಳಲ್ಲಿ ರೂಪವು ಕಾಲಕಾಲಕ್ಕೆ ಬದಲಾದುದನ್ನು ಕೇವಲ ತಂತ್ರಜ್ಞಾನದ ಮುನ್ನಡೆಯೆಂದು ಓದಿದರೆ ಸಾಲದು, ಯಾವುದರ ಹೋಲಿಕೆಯನ್ನು ಹಿಡಿಯಬೇಕೆಂಬುದೇ ನಿಶ್ಚಯವಿಲ್ಲದ ಕಲೆಯೊಂದು ತನ್ನ ಮೂಲವನ್ನು ಹುಡುಕಿದ ಚರಿತ್ರೆಯೆಂದೂ ಅದನ್ನು ಓದಬೇಕಾಗುತ್ತದೆ.

1987ರಲ್ಲಿ ಅಮೆರಿಕದ ದೂರದರ್ಶನಕ್ಕಾಗಿ ಬಂದ 'ಬಾರ್ಬಿ ಅಂಡ್ ದ ರಾಕರ್ಸ್' ಕೈಯಲ್ಲಿ ಬರೆದ ಚಪ್ಪಟೆ ಚಿತ್ರಗಳ ಕೃತಿ. ಅದರ ನಾಯಕಿ ಆ ಕಾಲದ ಯಾವುದೇ ಕಾರ್ಟೂನಿನ ತರುಣಿಯಾಗಬಹುದಿತ್ತು; ಹೆಸರೂ ಕೂದಲಿನ ಬಣ್ಣವೂ ಉಳಿದು ಗೊಂಬೆಯು ಮರೆಯಾಗಿದ್ದುದರಿಂದ ಅಲ್ಲಿ ತಾತ್ತ್ವಿಕ ತೊಡಕು ಹುಟ್ಟಲಿಲ್ಲ.

ತೊಡಕು ಹುಟ್ಟಿದುದು 2001ರಲ್ಲಿ, 'ಬಾರ್ಬಿ ಇನ್ ದ ನಟ್‌ಕ್ರ್ಯಾಕರ್' ಚಿತ್ರದಿಂದ. ಅದನ್ನು ತಯಾರಿಸಿದ ಕೆನಡಾದ ವ್ಯಾಂಕೂವರಿನ ಮೇನ್‌ಫ್ರೇಮ್ ಸ್ಟುಡಿಯೋ, ಪೂರ್ತಿಯಾಗಿ ಕಂಪ್ಯೂಟರಿನಲ್ಲಿಯೇ ಸಿದ್ಧವಾದ 'ರೀಬೂಟ್' ಧಾರಾವಾಹಿಯನ್ನು 1994ರಷ್ಟು ಹಿಂದೆಯೇ ಹೊರತಂದಿತ್ತು. ಕಂಪ್ಯೂಟರ್ ಚಿತ್ರಣದ ಆರಂಭದ ದಶಕಗಳಲ್ಲಿ ಗಟ್ಟಿಯಾಗಿ ನುಣುಪಾಗಿ ಹೊಳೆಯುವ ಮೇಲ್ಮೈಗಳು ಸುಲಭವಾಗಿ ಒಲಿಯುತ್ತಿದ್ದವು, ಚರ್ಮ, ಕೂದಲು, ಬಟ್ಟೆಗಳು ಒಲಿಯುತ್ತಿರಲಿಲ್ಲ. 1995ರ 'ಟಾಯ್ ಸ್ಟೋರಿ' ಆಟಿಕೆಗಳನ್ನೇ ಪಾತ್ರಗಳನ್ನಾಗಿ ಮಾಡಿಕೊಂಡುದಕ್ಕೆ ಇದೂ ಒಂದು ಕಾರಣ. ಚರ್ಮವನ್ನು ಚಿತ್ರಿಸುವ ಕಷ್ಟವೇನೆಂದರೆ, ಬೆಳಕು ಅದರ ಮೇಲೆ ಬಿದ್ದು ಅಲ್ಲಿಂದಲೇ ಹಿಂದಿರುಗದೆ, ಸ್ವಲ್ಪ ಒಳಹೊಕ್ಕು ಚದುರಿ ಬೇರೊಂದು ಸ್ಥಳದಿಂದ ಹೊರಬರುತ್ತದೆ, ಜೀವಂತ ಕೆನ್ನೆಯ ಮೃದುವಾದ ಹೊಳಪು ಆ ಚದುರುವಿಕೆಯಿಂದ ಉಂಟಾಗುತ್ತದೆ. ಇದನ್ನು ಸಾಕಷ್ಟು ಬೇಗ ಲೆಕ್ಕ ಹಾಕುವ ಪದ್ಧತಿಯನ್ನು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಕೂಡ ಅದೇ 2001ರಲ್ಲಿ. ಆ ಪದ್ಧತಿ ಇನ್ನೂ ಕೈಗೆ ಬರದ ಕಾಲದ ಬಾರ್ಬಿಯ ಮುಖ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆಂದು ಹಲವರು ಆಕ್ಷೇಪಿಸಬಹುದು, ಆದರೆ ಚಿತ್ರಿಸಬೇಕಾಗಿದ್ದ ವಸ್ತುವೇ ಪ್ಲಾಸ್ಟಿಕ್ ಆಗಿದ್ದುದರಿಂದ ತಂತ್ರದ ಕೊರತೆಯು ಇಲ್ಲಿ ಹೋಲಿಕೆಯ ಸತ್ಯವೂ ಆಯಿತು. ಮನುಷ್ಯರ ಮುಖವನ್ನು ಛಾಯಾಚಿತ್ರದಷ್ಟು ನಿಖರವಾಗಿ ತೋರಿಸಲು ಹೊರಟ 'ಫೈನಲ್ ಫ್ಯಾಂಟಸಿ: ದ ಸ್ಪಿರಿಟ್ಸ್ ವಿದಿನ್' ಸಹ ಅದೇ ವರ್ಷ ಬಂದಿತೆಂಬುದನ್ನು ಜೊತೆಗೆ ನೆನೆಯಬೇಕು. ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಬರೆದ ಪ್ರಬಂಧದ ಪ್ರಕಾರ, ಕೃತಕ ರೂಪವು ಮನುಷ್ಯನನ್ನು ಹೋಲುತ್ತ ಹೋದಂತೆ ನೋಡುವವರಿಗೆ ಅದರ ಮೇಲೆ ಆದರ ಬೆಳೆಯುತ್ತದೆ, ಆದರೆ ಹೋಲಿಕೆ ಬಹುಪಾಲು ಪೂರ್ಣವಾಗಿ ಸ್ವಲ್ಪವೇ ಉಳಿದಾಗ ಆ ಆದರ ಒಮ್ಮೆಲೇ ಕುಸಿದು ಭೀತಿಯಾಗುತ್ತದೆ. 'ಫೈನಲ್ ಫ್ಯಾಂಟಸಿ'ಯ ಮುಖಗಳು ಹಲವು ಪ್ರೇಕ್ಷಕರಿಗೆ ಆ ಕುಸಿತದ ಅನುಭವವನ್ನೇ ಕೊಟ್ಟವು. ಬಾರ್ಬಿಯು ಮೋರಿಯ ಕಣಿವೆಯ ಈಚೆಯ ದಂಡೆಯಲ್ಲಿಯೇ ನಿಂತಿದ್ದಳು.

ಹಾಗಿದ್ದರೂ ನಟ್‌ಕ್ರ್ಯಾಕರ್ ಚಿತ್ರದಲ್ಲಿ ಗೊಂಬೆಯದಲ್ಲದ ಒಂದು ಅಂಶವು ಸೇರಿತ್ತು. ನೃತ್ಯದ ಭಾಗಗಳಿಗೆ ಪೀಟರ್ ಮಾರ್ಟಿನ್ಸ್ ನೃತ್ಯ ಸಂಯೋಜನೆ ಮಾಡಿ, ನ್ಯೂಯಾರ್ಕ್ ಸಿಟಿ ಬ್ಯಾಲೆಯ ಕಲಾವಿದರು ಕುಣಿದಾಗ ಅವರ ಅಂಗಾಂಗಗಳ ಚಲನೆಯನ್ನು ಮೋಷನ್ ಕ್ಯಾಪ್ಚರ್ ಎಂಬ ವಿಧಾನದಿಂದ ಹಿಡಿಯಲಾಯಿತು. ಮೈಯ ಸಂಧಿಗಳ ಬಳಿ ಗುರುತುಗಳನ್ನು ಕಟ್ಟಿ, ಅವು ಸಾಗುವ ಹಾದಿಯನ್ನು ದಾಖಲಿಸಿ, ಆ ಹಾದಿಯನ್ನು ಕಂಪ್ಯೂಟರಿನೊಳಗಿನ ಇನ್ನೊಂದು ದೇಹಕ್ಕೆ ತೊಡಿಸುವುದು ಈ ವಿಧಾನದ ತಿರುಳು. ಪರಿಣಾಮವಾಗಿ ಪರದೆಯ ಮೇಲಿನವಳಲ್ಲಿ ಆಕೃತಿ ಗೊಂಬೆಯದು, ಚಲನೆ ನರ್ತಕಿಯದು, ಧ್ವನಿ ಮೂರನೆಯ ಒಬ್ಬಳದು. ಮೂವರೂ ಬೇರೆ ಬೇರೆಯಾಗಿಯೇ ಉಳಿದು ಒಬ್ಬಳಾಗಿ ತೋರುವ ಈ ಸಂಯೋಗದಲ್ಲಿ ಪ್ರಾಣವೆಂದು ಪ್ರೇಕ್ಷಕರು ಗ್ರಹಿಸುವುದು ಯಾರ ಪ್ರಾಣವನ್ನು?

ಕಥೆಯೂ ಇದೇ ಗಂಟನ್ನು ಬಿಗಿಗೊಳಿಸುತ್ತದೆ. ಬಾರ್ಬಿಯು ತನ್ನ ಪುಟ್ಟ ತಂಗಿ ಕೆಲ್ಲಿಗೆ ಒಂದು ಕಥೆ ಹೇಳುತ್ತಾಳೆ, ಕಥೆಯ ನಾಯಕಿ ಕ್ಲಾರಾಳಿಗೆ ಬಾರ್ಬಿಯದೇ ಮುಖ, ಕ್ಲಾರಾಳಿಗೆ ಸಿಗುವ ಮರದ ಗೊಂಬೆ ವಾಸ್ತವವಾಗಿ ಮಾಟಕ್ಕೆ ಸಿಕ್ಕಿದ ರಾಜಕುಮಾರ. ಅಂದರೆ ಗೊಂಬೆಯು ಹುಡುಗಿಯಾಗಿ, ಆ ಹುಡುಗಿಯು ಇನ್ನೊಬ್ಬ ಹುಡುಗಿಯ ಪಾತ್ರ ವಹಿಸಿ, ಗೊಂಬೆಯಾದವನೊಬ್ಬನನ್ನು ಮನುಷ್ಯನನ್ನಾಗಿಸಲು ಶ್ರಮಿಸುತ್ತಾಳೆ. ಮೂಲಕಥೆಯನ್ನು 1816ರಲ್ಲಿ ಪ್ರಕಟಿಸಿದ ಜರ್ಮನ್ ಲೇಖಕ ಇ.ಟಿ.ಎ. ಹಾಫ್‌ಮನ್ ಅದೇ ಕಾಲದಲ್ಲಿ 'ಸ್ಯಾಂಡ್‌ಮನ್' ಎಂಬ ಕಥೆಯಲ್ಲಿ ಒಲಿಂಪಿಯಾ ಎಂಬ ಯಂತ್ರಗೊಂಬೆಯನ್ನು ತರುಣಿಯೆಂದು ಪ್ರೀತಿಸಿ ಬುದ್ಧಿ ಕಳೆದುಕೊಳ್ಳುವ ಯುವಕನನ್ನು ಚಿತ್ರಿಸಿದ್ದನೆಂಬುದು ಇಲ್ಲಿ ಗಮನಾರ್ಹ. ಗೊಂಬೆಯಲ್ಲಿ ಅಡಗಿದ ಮನುಷ್ಯ, ಮನುಷ್ಯಳೆಂದು ತೋರಿದ ಗೊಂಬೆ ಎಂಬ ಎರಡು ಭ್ರಮೆಗಳನ್ನೂ ಒಂದೇ ಮನಸ್ಸು ಕಂಡಿತ್ತು.

ಬಾರ್ಬಿಯ ಚಿತ್ರವನ್ನು ನೋಡುವ ಮಗು ಮಾತ್ರ ಒಲಿಂಪಿಯಾಳನ್ನು ಕಂಡ ಯುವಕನಂತೆ ಭ್ರಮೆಗೆ ಒಳಗಾಗುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಕಾಶ್ಮೀರದ ಆಲಂಕಾರಿಕ ಶ್ರೀಶಂಕುಕನ ಚಿತ್ರತುರಗನ್ಯಾಯ ನೆರವಾಗುತ್ತದೆ. ರಂಗದ ಮೇಲೆ ನಟನನ್ನು ರಾಮನೆಂದು ಕಾಣುವಾಗ ಪ್ರೇಕ್ಷಕನಿಗೆ ಇವನೇ ರಾಮನೆಂಬ ಸಮ್ಯಕ್ ಜ್ಞಾನವಿರುವುದಿಲ್ಲ, ಅಲ್ಲದವನನ್ನು ರಾಮನೆಂದು ತಿಳಿದು ಆಮೇಲೆ ತಪ್ಪೆಂದು ಬಿಡುವ ಮಿಥ್ಯಾಜ್ಞಾನವಿರುವುದಿಲ್ಲ, ರಾಮನೋ ಅಲ್ಲವೋ ಎಂಬ ಸಂಶಯವಿರುವುದಿಲ್ಲ, ರಾಮನಂತಿದ್ದಾನೆ ಎಂಬ ಸಾದೃಶ್ಯಜ್ಞಾನವೂ ಇರುವುದಿಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವಂತೆ, ಈ ನಾಲ್ಕಕ್ಕೂ ಬೇರೆಯಾದ ಅರಿವೊಂದು ಅಲ್ಲಿ ಕೆಲಸ ಮಾಡುತ್ತದೆ ಎಂಬುದು ಶಂಕುಕನ ಮತ. ಅಭಿನವಗುಪ್ತನ ಗುರು ಭಟ್ಟತೌತನು ಇದನ್ನು ಖಂಡಿಸುತ್ತ, ಕಂಡ ವಸ್ತುವನ್ನು ಮಾತ್ರ ಅನುಕರಿಸಲು ಸಾಧ್ಯ, ರಾಮನನ್ನು ಯಾರೂ ಕಂಡಿಲ್ಲವಾದ್ದರಿಂದ ಅಭಿನಯವನ್ನು ಅವನ ಅನುಕರಣವೆಂದು ಯಾರೂ ಅರಿಯಲಾರರು ಎಂದು ವಾದಿಸಿದನು. ಬಾರ್ಬಿಯ ವಿಷಯದಲ್ಲಿ ತೌತನ ಆಕ್ಷೇಪವು ತಲೆಕೆಳಗಾಗಿ ನಿಲ್ಲುತ್ತದೆ, ಏಕೆಂದರೆ ಅನುಕಾರ್ಯವು, ಎಂದರೆ ಅನುಕರಿಸಲ್ಪಡುವ ವಸ್ತುವು, ನೋಡುವ ಮಗುವಿನ ಮಡಿಲಲ್ಲಿಯೇ ಇರುತ್ತದೆ. ಮೂಲವು ಕಣ್ಣೆದುರಿಗಿದ್ದರೂ ಜಡವಾಗಿದೆ, ಅನುಕರಣವು ಮೂಲಕ್ಕಿಂತ ಹೆಚ್ಚು ಜೀವಂತವಾಗಿದೆ. ಮಗುವು ಎರಡನ್ನೂ ಒಟ್ಟಿಗೆ ಕಂಡು, ಎರಡನ್ನೂ ಬಾರ್ಬಿಯೆಂದು ಕರೆದು, ಯಾವ ವಿರೋಧವನ್ನೂ ಅನುಭವಿಸದೆ ಇರಬಲ್ಲುದು. ಶಂಕುಕನ ಐದನೆಯ ಬಗೆಯ ಅರಿವಿಗೆ ಇದಕ್ಕಿಂತ ಶುದ್ಧವಾದ ಸಾಕ್ಷ್ಯ ದೊರೆಯುವುದು ಕಷ್ಟ.

2002ರ ರಪುಂಜೆಲ್ ಚಿತ್ರವು ಈ ಅರಿವನ್ನು ಕಥೆಯ ವಸ್ತುವನ್ನಾಗಿಯೇ ಮಾಡಿತು, ಅಲ್ಲಿ ನಾಯಕಿಯ ಮಾಂತ್ರಿಕ ಕುಂಚದಿಂದ ಬರೆದ ಚಿತ್ರವು ನಡೆದು ಹೋಗಬಹುದಾದ ದಾರಿಯಾಗುತ್ತದೆ. ಮುಂದಿನ ವರ್ಷಗಳಲ್ಲಿ ಕೂದಲು ಎಳೆಎಳೆಯಾಗಿ ಬಿಡಿಸಿಕೊಂಡಿತು, ಬಟ್ಟೆಯ ಮಡಿಕೆಗಳು ಮೆತ್ತಗಾದವು, 2005ರ 'ಫೇರಿಟೋಪಿಯಾ'ದಿಂದ ಹಳೆಯ ಕಥೆಗಳ ಆಸರೆಯಿಲ್ಲದ ಹೊಸ ಲೋಕಗಳು ಬಂದವು. ಆದರೆ ಈ ನಡುವಿನ ಚಿತ್ರಗಳಲ್ಲಿ ರೂಪವನ್ನು ಕಥೆಗಿಂತ ಹೆಚ್ಚಾಗಿ ಅಂಗಡಿಯ ಕಪಾಟು ನಿರ್ಧರಿಸಿತೆಂಬುದನ್ನು ಮರೆಮಾಚುವಂತಿಲ್ಲ. ಚಿತ್ರದ ನಾಯಕಿ ಉಡುವ ಉಡುಪೇ ಅದೇ ಹೊತ್ತಿಗೆ ಮಾರಾಟಕ್ಕೆ ಬರುವ ಗೊಂಬೆಯ ಉಡುಪಾಗಬೇಕಾಗಿತ್ತು. ಅಭಿನವಗುಪ್ತನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುವಾಗ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. 'ಇದು ನನಗೆ ಬೇಕು' ಎಂಬ ಆಸೆಯನ್ನು ಎಬ್ಬಿಸುವುದಕ್ಕಾಗಿಯೇ ರಚಿತವಾದ ರೂಪವು ಆ ವಿಘ್ನವನ್ನು ತನ್ನೊಳಗೇ ಹೊತ್ತು ಬರುತ್ತದೆ, ಮತ್ತು ಈ ಚಿತ್ರಗಳ ವಿರುದ್ಧ ಹೇಳಬಹುದಾದ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದುದು ಇದೇ.

ಆಸೆಯು ಉಡುಪಿನಲ್ಲಿ ನಿಲ್ಲದೆ ದೇಹಕ್ಕೂ ಹಬ್ಬುತ್ತದೆ. ಹೆಲ್ಗಾ ಡಿಟ್ಮಾರ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕದಲ್ಲಿ ಬಾರ್ಬಿ ಗೊಂಬೆಯ ಮುದ್ರಿತ ಚಿತ್ರಗಳನ್ನು ನೋಡಿದ ಚಿಕ್ಕ ಹುಡುಗಿಯರಿಗೆ ತಮ್ಮ ದೇಹದ ಬಗೆಗಿನ ತೃಪ್ತಿ ತಗ್ಗಿ, ತೆಳ್ಳಗಾಗಬೇಕೆಂಬ ಬಯಕೆ ಹೆಚ್ಚಿದುದು ಕಂಡುಬಂದಿತು. ಗೊಂಬೆಯ ಆಕೃತಿಯನ್ನು ಜಾತಿಯ ಲಕ್ಷಣವೆಂದು, ಎಂದರೆ ಹೆಣ್ತನದ ಅಳತೆಗೋಲೆಂದು, ಭಾವಿಸುವ ತಪ್ಪನ್ನು ನ್ಯಾಯಸೂತ್ರದ ಮಣ್ಣಿನ ಹಸು ತಡೆಯಬೇಕಾಗಿತ್ತು. 2016ರಲ್ಲಿ ಮ್ಯಾಟೆಲ್ ಕಂಪನಿ ತುಂಬಿದ ಮೈಯ, ಎತ್ತರದ ಮತ್ತು ಗಿಡ್ಡ ದೇಹಗಳ ಬಾರ್ಬಿಗಳನ್ನು ಹೊರತಂದು ಒಂದೇ ಆಕೃತಿಯ ಒಡೆತನವನ್ನು ತಾನೇ ಮುರಿಯಿತು.

ಪರದೆಯ ಮೇಲೆ ಅತ್ಯಂತ ಪ್ರಾಮಾಣಿಕವಾದ ಹೆಜ್ಜೆ ಅದಕ್ಕೂ ಮೊದಲೇ, ದೊಡ್ಡ ಚಿತ್ರಗಳಲ್ಲಿ ಅಲ್ಲ, 2012ರಲ್ಲಿ ಆರಂಭವಾದ 'ಲೈಫ್ ಇನ್ ದ ಡ್ರೀಮ್‌ಹೌಸ್' ಎಂಬ ಕಿರುಕಂತುಗಳ ಸರಣಿಯಲ್ಲಿ ಕಾಣಿಸಿತು. ಕಂಪ್ಯೂಟರಿಗೆ ಚರ್ಮದ ಚಿತ್ರಣವು ಆಗ ಅಸಾಧ್ಯವಾಗಿ ಉಳಿದಿರಲಿಲ್ಲ, ಆದರೂ ಆ ಸರಣಿಯ ಪಾತ್ರಗಳ ಮೊಣಕೈ ಮೊಣಕಾಲುಗಳಲ್ಲಿ ಗೊಂಬೆಯ ಕೀಲುಗಳನ್ನು ಬೇಕೆಂದೇ ತೋರಿಸಲಾಯಿತು. ಮನುಷ್ಯತ್ವದ ಕಡೆಗೆ ಹತ್ತು ವರ್ಷ ನಡೆದ ರೂಪವು ಇಲ್ಲಿ ಹಿಂದಿರುಗಿ, ತನ್ನಲ್ಲಿ ಮನುಷ್ಯಜಾತಿ ಇಲ್ಲವೆಂದೂ ಗೊಂಬೆತನವೇ ತನ್ನ ಜಾತಿಯೆಂದೂ ಒಪ್ಪಿಕೊಂಡಿತು. ಜೀವಕಳೆ ಅದರಿಂದ ಕುಂದಲಿಲ್ಲ, ಹೆಚ್ಚಿತು. ಪ್ರತಿಬಿಂಬವೊಂದಕ್ಕೆ ಜೀವ ಬರುವುದು ಅದು ಮೂಲವೆಂದು ನಂಬಿಸುವುದರಿಂದಲ್ಲ, ತಾನು ಪ್ರತಿಬಿಂಬವೆಂಬುದನ್ನು ಬಿಟ್ಟುಕೊಡದೆ ನೋಡುವವರ ಭಾವಕ್ಕೆ ಎಡೆ ಕೊಡುವುದರಿಂದ ಎಂಬ ವಾದಕ್ಕೆ ಆ ಕೀಲುಗಳು ಬಲವಾದ ಪ್ರಮಾಣ. ಈ ದೃಷ್ಟಿಯಿಂದ 2017ರ 'ಡಾಲ್ಫಿನ್ ಮ್ಯಾಜಿಕ್' ಮತ್ತು 2018ರ 'ಡ್ರೀಮ್‌ಹೌಸ್ ಅಡ್ವೆಂಚರ್ಸ್'ಗಳಲ್ಲಿ ನೆಲೆಗೊಂಡ ದೊಡ್ಡ ಕಣ್ಣಿನ, ದುಂಡು ಮುಖದ ವಿನ್ಯಾಸವು ನೋಟಕ್ಕೆ ಹಿತವಾಗಿದ್ದರೂ ವಿಚಾರಕ್ಕೆ ಬಡವಾದುದು. ಅದು ಗೊಂಬೆಯನ್ನೂ ಮನುಷ್ಯಳನ್ನೂ ಬಿಟ್ಟು ಇತರ ಅನಿಮೇಷನ್ ಚಿತ್ರಗಳ ನಾಯಕಿಯರನ್ನು ಹೋಲುತ್ತದೆ. 2001ರ ಬಿಗಿಯಾದ ಮುಖದಲ್ಲಿ ಗೊಂಬೆ, ನಟಿ, ನಾಯಕಿ ಎಂಬ ಮೂರು ಪದರಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು, ಹೊಸ ಮುಖದಲ್ಲಿ ಅವು ಒಂದರೊಳಗೊಂದು ಕರಗಿಹೋಗಿವೆ.

ಆದರೂ ಈ ಹೊಸ ಕಾಲದ ಒಂದು ಚಿತ್ರವು ವ್ಯಕ್ತಿ ಮತ್ತು ಜಾತಿಗಳ ಪ್ರಶ್ನೆಯನ್ನು ಅನಿರೀಕ್ಷಿತವಾಗಿ ಮುಂದಕ್ಕೆ ಒಯ್ದಿತು. 2021ರ 'ಬಿಗ್ ಸಿಟಿ, ಬಿಗ್ ಡ್ರೀಮ್ಸ್' ಚಿತ್ರದಲ್ಲಿ ಮಾಲಿಬುವಿನ ಬಿಳಿಯ ಹುಡುಗಿಯೂ ಬ್ರೂಕ್ಲಿನ್ನಿನ ಕಪ್ಪು ಹುಡುಗಿಯೂ ಭೇಟಿಯಾಗುತ್ತಾರೆ, ಇಬ್ಬರ ಹೆಸರೂ ಬಾರ್ಬಿ ರಾಬರ್ಟ್ಸ್. ಬೇರೆ ಬೇರೆ ವ್ಯಕ್ತಿಗಳು, ಬೇರೆ ಬೇರೆ ಆಕೃತಿಗಳು, ಎರಡಕ್ಕೂ ಸಲ್ಲುವ ಒಂದೇ ಹೆಸರು. ಒಬ್ಬಳ ಸ್ವಂತ ಹೆಸರೆನಿಸಿದ್ದ ಬಾರ್ಬಿ ಎಂಬ ಪದ ಇಲ್ಲಿ ಜಾತಿವಾಚಕವಾಯಿತು, ಮತ್ತು ಬಿಳಿಯ ಚರ್ಮವಾಗಲಿ ಹೊಂಬಣ್ಣದ ಕೂದಲಾಗಲಿ ಆ ಜಾತಿಯ ಲಕ್ಷಣವಲ್ಲವೆಂದು ಪರದೆಯ ಮೇಲೆ ಸ್ಥಾಪಿತವಾಯಿತು. ಗೊಂಬೆಗಳ ಲೋಕದಲ್ಲಿ 1968ರಲ್ಲಿ ಬಂದ ಕಪ್ಪು ಗೊಂಬೆ ಕ್ರಿಸ್ಟಿಯು ಬಾರ್ಬಿಯ ಗೆಳತಿ ಮಾತ್ರವಾಗಿದ್ದಳು, ಬಾರ್ಬಿ ಎಂಬ ಹೆಸರೇ ಕಪ್ಪು ಗೊಂಬೆಗೆ ದೊರೆತದ್ದು 1980ರಲ್ಲಿ, ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅವರ ವಿನ್ಯಾಸದಿಂದ. ಅದೇ ಹೆಸರಿನಿಂದ ಕಪ್ಪು ಹುಡುಗಿಯೊಬ್ಬಳು ಬಿಳಿಯ ಬಾರ್ಬಿಯ ಸರಿಸಮಾನ ನಾಯಕಿಯಾಗಿ ಈ ಚಿತ್ರಮಾಲೆಯನ್ನು ಪ್ರವೇಶಿಸಲು ಮತ್ತೆ ನಲವತ್ತೊಂದು ವರ್ಷ ಹಿಡಿಯಿತು.